ಪಂತೋಜಿಗಳ ಪಡಿ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳ ವೃದ್ಧರು ತಮ್ಮ ಬಾಲ್ಯದ ಮೇಷ್ಟ್ರ ಮಾತೆತ್ತಿದರೆಂದರೆ, ಕಲಿಸಿದ ಪಾಠಕ್ಕಿಂತ ಮೊದಲು ಹೇಳುವುದು, ಆ ಪುಣ್ಯಾತ್ಮರು ಎಷ್ಟು ದೀರ್ಘಕಾಲ ಅದೇ ಊರಿನಲ್ಲಿ ಬಾಳಿ, ಅಪ್ಪನಿಗೂ ಮಗನಿಗೂ ಅದೇ ಮಗ್ಗಿಯನ್ನು ಒಪ್ಪಿಸಲು ಕಲಿಸಿದರೆಂಬುದನ್ನು. ಈ ಮಮತೆಯ ಮೂಲವನ್ನು ವಿದ್ಯಾ ಇಲಾಖೆಯ ಕಡತಗಳಲ್ಲಿ ಹುಡುಕಿದರೆ ದೊರೆಯದು. ಸರ್ಕಾರದ ಸಂಬಳವೆಂಬುದು ಹುಟ್ಟುವುದಕ್ಕೆ ಮುಂಚೆ, ಊರಿನ ಅಡಿಗೆಮನೆಗಳೇ ಪಂತೋಜಿಗಳೆಂಬ ಊರ ಮೇಷ್ಟ್ರನ್ನು ಸಾಕುತ್ತಿದ್ದ, ಕೂಲಿಮಠವೆಂಬ ಹಳ್ಳಿಶಾಲೆಯ ಕಾಲದಲ್ಲಿ ಅದನ್ನು ಅರಸಬೇಕು.

ಕೂಲಿಮಠಕ್ಕೆ ಬೇರೆ ಕಟ್ಟಡವಿರುತ್ತಿರಲಿಲ್ಲ. ಪಂತೋಜಿಗಳ ಮನೆಯ ಜಗುಲಿಯೋ, ಗುಡಿಯ ಮಂಟಪವೋ, ಊರ ಚಾವಡಿಯೋ ಸಾಕಾಗುತ್ತಿತ್ತು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ರಲ್ಲಿ ಬರೆದ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳನ್ನು ಕುರಿತು ಕೊಟ್ಟಿರುವ ವರ್ಣನೆ, ಕನ್ನಡನಾಡಿನ ಈ ವ್ಯವಸ್ಥೆಯ ಅಂತರಂಗವನ್ನೇ ತೆರೆದು ತೋರಿಸುತ್ತದೆ. ಐದು ವರ್ಷ ತುಂಬಿದ ಮಗುವನ್ನು ಗಣಪತಿಯ ಮುಂದೆ ಕುಳ್ಳಿರಿಸಿ, ಹರಡಿದ ಅಕ್ಕಿಯಲ್ಲಿ ಅದರ ಬೆರಳು ಹಿಡಿದು ದೇವರ ಹೆಸರನ್ನು ಬರೆಯಿಸಿ, ಗುರುಗಳಿಗೆ ಕಾಣಿಕೆ ಒಪ್ಪಿಸಿದಲ್ಲಿಗೆ ಅಕ್ಷರಾಭ್ಯಾಸ ಮುಗಿಯುತ್ತಿತ್ತು. ಮರುದಿನದಿಂದ ಬೆಳಗಿನ ಆರು ಗಂಟೆಗೆ ಮಠ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲದ, ತೆಗಳಿಕೆಯೂ ಇಲ್ಲದ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಬೆತ್ತದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿಯನ್ನು ಓದುಗರೇ ಊಹಿಸಿಕೊಳ್ಳಲಿ.

ಮರಳಿನಲ್ಲಿ ತಿದ್ದಿ ಕೈ ಪಳಗಿದ ಹುಡುಗನಿಗೆ ಹಲಗೆ ಬಳಪ ಬರುತ್ತಿದ್ದವು. ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕಡತವನ್ನಾದರೋ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡುತ್ತಿದ್ದರು. ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಾಗುಣಿತ, ಮಗ್ಗಿ, ಕಾಲು ಅರೆ ವೀಸಗಳ ಲೆಕ್ಕ, ಮುಂದೆ ಅಮರಕೋಶ, ಜೈಮಿನಿ: ಇಷ್ಟೇ ವಿದ್ಯೆ. ಅಡಿಕೆ ಕೊಬ್ಬರಿಗಳ ಪೇಟೆಯಾದ ಗುಬ್ಬಿಯಲ್ಲಿ ವರ್ತಕರ ಮಕ್ಕಳಿಗೆ ವೀಸದ ಲೆಕ್ಕವೇ ವೇದವಾಗಿದ್ದಿರಬೇಕು. ಆ ಕಾಲವನ್ನು ಹೊಗಳುವ ಉತ್ಸಾಹದಲ್ಲಿ ಕೋದಂಡವನ್ನು ಮರೆಯತಕ್ಕದ್ದಲ್ಲ. ಹಗ್ಗ ಹಿಡಿಸಿ ಹುಡುಗನನ್ನು ಜಂತೆಗೆ ತೂಗುಬಿಡುತ್ತಿದ್ದ ಆ ಶಿಕ್ಷೆ ಕ್ರೌರ್ಯವೇ ಹೊರತು ಬೇರೇನೂ ಅಲ್ಲ. ಅದರ ಜೊತೆಗೆ, ಎಷ್ಟೋ ಮನೆಗಳ ಹೆಣ್ಣುಮಕ್ಕಳೂ ಕೆಳಜಾತಿಗಳೆನಿಸಿಕೊಂಡವರ ಮಕ್ಕಳೂ ಜಗುಲಿಯ ಹೊರಗೇ ಉಳಿದರು.

ಪಂತೋಜಿಗಳ ಜೀವನ ಸಾಗುತ್ತಿದ್ದುದು ತಿಂಗಳ ಚಿಲ್ಲರೆ ದುಡ್ಡಿನಿಂದ, ಹಬ್ಬಹರಿದಿನಗಳ ಕಾಣಿಕೆಯಿಂದ, ಹುಡುಗರು ಮನೆಯಿಂದ ತರುತ್ತಿದ್ದ ರಾಗಿ ಅಕ್ಕಿಗಳಿಂದ. ಮಹಾನವಮಿಯಂತೂ ಅವರ ಪಾಲಿಗೆ ಸುಗ್ಗಿ. ಹೊಸಬಟ್ಟೆ ಉಟ್ಟ ಮಕ್ಕಳು ಬಣ್ಣದ ಕೋಲುಗಳನ್ನು ಹಿಡಿದು ಗುರುಗಳ ಹಿಂದೆ ಸಾಲಾಗಿ ಹೊರಟು, ಮನೆ ಮನೆಯ ಬಾಗಿಲಲ್ಲಿ ಚೌಪದ ಹಾಡಿದರೆ, ಗೃಹಸ್ಥರು ಮಕ್ಕಳ ಬಾಯಿಗೆ ಸಿಹಿಯನ್ನೂ ಗುರುಗಳ ಕೈಗೆ ದಕ್ಷಿಣೆಯನ್ನೂ ಹಾಕುತ್ತಿದ್ದರು. ಊರಿನ ಅನ್ನ ಉಂಡವರು ಊರಿಗೆ ಉತ್ತರ ಹೇಳಬೇಕಾಗಿತ್ತು. ಮೊರದಲ್ಲಿ ರಾಗಿ ಅಳೆದುಕೊಟ್ಟ ತಾಯಿ, ಮಗನಿಗೆ ಮಗ್ಗಿ ಬಾರದಿದ್ದರೆ ಅದೇ ಜಗುಲಿಯ ಮುಂದೆ ನಿಂತು ಕೇಳಬಲ್ಲವಳಾಗಿದ್ದಳು.

ಬದಲಾವಣೆಯ ಗಾಳಿ ಮೊದಲು ಬೀಸಿದುದು ಗುಬ್ಬಿಯಲ್ಲಿ. ವೆಸ್ಲಿಯನ್ ಮಿಷನ್ 1837ರಲ್ಲಿ ಅಲ್ಲಿ ನೆಲೆಯೂರಿತು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿಯು ಸ್ವದೇಶಕ್ಕೆ ಹಿಂದಿರುಗಿ 1847ರಲ್ಲಿ ಮೈಸೂರು ಸೀಮೆಯ ಅನುಭವಗಳನ್ನು ಗ್ರಂಥವಾಗಿಸಿದನು. ಆದರೆ ಪಂತೋಜಿಗಳ ಬಾಳನ್ನು ಬುಡಸಮೇತ ಅಲುಗಿಸಿದುದು, ಮುಂದೆ ಶಾಸನಗಳ ಸಂಪಾದನೆಯಿಂದ ಕೀರ್ತಿವಂತನಾದ ಬಿ. ಎಲ್. ರೈಸನು 1868ರಲ್ಲಿ ತಂದ ಹೋಬಳಿ ಶಾಲೆಗಳ ಯೋಜನೆ. ಹೋಬಳಿಗೊಂದು ಶಾಲೆ, ಹಳೆಯ ಪಂತೋಜಿಗಳನ್ನೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತು ಕೊಟ್ಟು, ಸಂಬಳದ ಮೇಲೆ ನೇಮಿಸುವುದು. ಇದ್ದವರನ್ನು ಓಡಿಸದೆ ಅವರನ್ನೇ ತಿದ್ದಿಕೊಂಡ ಈ ವಿವೇಕವನ್ನು ನಾನು ದೊಡ್ಡದೆಂದೇ ಬಗೆಯುತ್ತೇನೆ. ಆದರೂ ಹುಲಿಯೂರುದುರ್ಗವಾಗಲಿ ಅಮೃತೂರಾಗಲಿ, ಕುಣಿಗಲ್ಲಿನ ಯಾವ ಹೋಬಳಿಯ ಮೇಷ್ಟ್ರಿಗಾದರೂ ಅಂದಿನಿಂದ ಮೊರದ ರಾಗಿಯ ಬದಲು ಖಜಾನೆಯ ರೂಪಾಯಿ, ತಾಯಂದಿರ ಬದಲು ಇನ್‌ಸ್ಪೆಕ್ಟರು, ಮತ್ತು ವರ್ಗವೆಂಬ ಹೊಸ ಭಯ ಬಂದವು. ವರ್ಗವನ್ನು ತಪ್ಪಿಸಿಕೊಂಡು ಒಂದೇ ಊರಿನಲ್ಲಿ ನರೆತವರೇ ಜನರ ನೆನಪಿನಲ್ಲಿ ಉಳಿದರೆಂಬುದರಲ್ಲಿ ಆಶ್ಚರ್ಯವಿಲ್ಲ.

ಶಿಷ್ಯರ ಮನೆಗಳು ಗುರುವನ್ನು ಸಾಕುವ ಹಳೆಯ ಸಂಬಂಧವನ್ನು ತಲೆಕೆಳಗು ಮಾಡಿ ನಿಲ್ಲಿಸಿದವರೊಬ್ಬರು ತುಮಕೂರಿನ ಮಗ್ಗುಲಲ್ಲೇ ಇದ್ದರು. ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ನಾಗವಲ್ಲಿಯ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, ತಮ್ಮ ಗುರುಗಳಾದ ಉದ್ಧಾನ ಶಿವಯೋಗಿಗಳು 1917ರಲ್ಲಿ ಸ್ಥಾಪಿಸಿದ್ದ ಸಂಸ್ಕೃತ ಪಾಠಶಾಲೆಯ ಜೊತೆಗೆ, ಜಾತಿಮತವೆಣಿಸದೆ ಬಡಮಕ್ಕಳ ಅನ್ನದ ಭಾರವನ್ನೂ ಹೊತ್ತರು. ಹಿಂದೆ ಶಿಷ್ಯರು ಗುರುವಿಗಾಗಿ ಮನೆಮನೆಗೆ ಹೋಗಿದ್ದರೆ, ಇಲ್ಲಿ ಗುರುವೇ ಶಿಷ್ಯರಿಗಾಗಿ ಜೋಳಿಗೆ ಹಿಡಿದು ಹಳ್ಳಿಹಳ್ಳಿ ಸುತ್ತಿ ಧಾನ್ಯ ತಂದರು. ತಾವೇ ಪಾಠವನ್ನೂ ಹೇಳಿದರು. ಆ ಪಂಕ್ತಿಯಲ್ಲಿ ಉಣ್ಣುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಬೆಳೆಯಿತು. 2019ರ ಜನವರಿ 21ರಂದು, 111 ವರ್ಷದ ಆ ಗುರುಗಳು ಹಗಲು ಹನ್ನೊಂದೂ ಮುಕ್ಕಾಲರ ಸುಮಾರಿಗೆ ಲಿಂಗೈಕ್ಯರಾದಾಗ, ಅವರೇ ಮೊದಲು ಅಪ್ಪಣೆ ಕೊಡಿಸಿದ್ದಂತೆ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿಯನ್ನು ಪ್ರಕಟಿಸಲಿಲ್ಲ. ಮುಖ್ಯಮಂತ್ರಿಗಳಿಗಾಗಲಿ, ದರ್ಶನಕ್ಕೆ ಬಂದ ಲಕ್ಷಾಂತರ ಜನಕ್ಕಾಗಲಿ ಸರದಿ ಅದಾದ ಮೇಲೆಯೇ.