ಬ್ಯಾಟರಿಯ ಬೆಂಕಿಯ ಪೂರ್ವವೃತ್ತಾಂತ

ಚಾರ್ಜಿಗೆ ಹಾಕಿಟ್ಟ ವಿದ್ಯುತ್ ಬೈಕಿನ ಬ್ಯಾಟರಿಯು ನಡುರಾತ್ರಿಯಲ್ಲಿ ಹೊತ್ತಿ ಉರಿದ ವಾರ್ತೆಯನ್ನೋದಿ, ಇದು ಈ ಕಾಲದ ಹೊಸ ವಿಪತ್ತೆಂದು ಭಾವಿಸುವವರೇ ಹೆಚ್ಚು; ಲಿಥಿಯಂ ಬ್ಯಾಟರಿಯ ಚರಿತ್ರೆಯನ್ನು ಬಲ್ಲವರಿಗಾದರೋ, ಅಗ್ನಿಭಯವು ಅದರ ಜನ್ಮದೊಡನೆಯೇ ಬಂದುದೆಂಬುದು ತಿಳಿಯದೆ ಇರದು.

1970ರ ದಶಕದಲ್ಲಿ ಅಮೆರಿಕದ ಎಕ್ಸಾನ್ ತೈಲಸಂಸ್ಥೆಯಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರು ಲಿಥಿಯಂ ಲೋಹವನ್ನೇ ಋಣಧ್ರುವವಾಗಿಸಿ ಬ್ಯಾಟರಿಯನ್ನು ನಿರ್ಮಿಸಿದಾಗ, ಮತ್ತೆ ಮತ್ತೆ ಚಾರ್ಜು ಮಾಡಿದಂತೆಲ್ಲ ಆ ಲೋಹದಿಂದ ಸೂಕ್ಷ್ಮವಾದ ಎಳೆಗಳು ಬೆಳೆದು, ಎದುರಿನ ಧ್ರುವವನ್ನು ಮುಟ್ಟಿ, ಒಳಗೊಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತುತ್ತಿತ್ತು. ಪ್ರಯೋಗಶಾಲೆಗೆ ಹಲವು ಸಲ ಓಡಿಬಂದು ಬೇಸತ್ತ ಅಗ್ನಿಶಾಮಕ ದಳದವರು, ಲಿಥಿಯಂ ಬೆಂಕಿಯನ್ನಾರಿಸುವ ವಿಶೇಷ ರಾಸಾಯನಿಕಗಳ ವೆಚ್ಚವನ್ನು ಇನ್ನು ನೀವೇ ತೆರಬೇಕಾದೀತೆಂದು ಬೆದರಿಸಿದರಂತೆ!

1980ರಲ್ಲಿ ಆಕ್ಸ್‌ಫರ್ಡಿನ ಜಾನ್ ಗುಡಿನಫ್ ಅವರು ಧನಧ್ರುವಕ್ಕೆ ಕೋಬಾಲ್ಟ್ ಆಕ್ಸೈಡನ್ನು ತಂದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅವರು ಲಿಥಿಯಂ ಲೋಹವನ್ನು ತೊರೆದು, ಇಂಗಾಲದ ಪದರಗಳಲ್ಲಿ ಅದರ ಅಯಾನುಗಳನ್ನು ನೆಲೆಗೊಳಿಸಿದರು; ಬಳಿಕ ಆ ಬ್ಯಾಟರಿಯನ್ನು ಸ್ಫೋಟಕಗಳ ಪರೀಕ್ಷಾಸ್ಥಳಕ್ಕೊಯ್ದು ಅದರ ಮೇಲೆ ಭಾರವಾದ ಕಬ್ಬಿಣದ ತುಂಡನ್ನು ಬೀಳಿಸಿದರು. ಏನೂ ಆಗಲಿಲ್ಲ, ಲಿಥಿಯಂ ಲೋಹವಿದ್ದ ಬ್ಯಾಟರಿಯ ಮೇಲೆ ಅದನ್ನೇ ಬೀಳಿಸಿದಾಗ ಭೀಕರವಾಗಿ ಸಿಡಿಯಿತು. 1991ರಲ್ಲಿ ಸೋನಿ ಸಂಸ್ಥೆಯು ಹೊಸ ಬ್ಯಾಟರಿಯನ್ನು ಮಾರುಕಟ್ಟೆಗಿಳಿಸಿತು. 2019ರಲ್ಲಿ ಈ ಮೂವರೂ ನೊಬೆಲ್ ಪುರಸ್ಕೃತರಾದರು.

ಅಪಾಯವು ತಗ್ಗಿತೇ ಹೊರತು ನಿರ್ಮೂಲವಾಗಲಿಲ್ಲ. ಒಳಗಣ ದ್ರವವು ಇಂದಿಗೂ ದಹನಶೀಲವೇ. ಒಂದು ಸೆಲ್ಲು ಮಿತಿಮೀರಿ ಕಾದರೆ ಆ ತಾಪವು ನೆರೆಯ ಸೆಲ್ಲಿಗೆ ಹಬ್ಬುತ್ತದೆ, ಮತ್ತು ಬೈಕಿನ ಪೆಟ್ಟಿಗೆಯಲ್ಲಿ ಇಂತಹ ಸೆಲ್ಲುಗಳು ಹತ್ತಾರು. ನ್ಯೂಯಾರ್ಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕಾರ್ಮಿಕರು ಇಕ್ಕಟ್ಟಾದ ವಸತಿಗಳಲ್ಲಿ ಅಗ್ಗದ ಬ್ಯಾಟರಿಗಳನ್ನು ಚಾರ್ಜು ಮಾಡತೊಡಗಿದ ಮೇಲೆ ಇದರ ಪರಿಣಾಮವು ಪ್ರಕಟವಾಯಿತು: 2023ರಲ್ಲಿ ಆ ನಗರವೊಂದರಲ್ಲೇ ಇಂತಹ 268 ಅಗ್ನಿ ಅನಾಹುತಗಳಾಗಿ 18 ಜನ ಮಡಿದರು, ಪ್ರಮಾಣೀಕೃತವಲ್ಲದ ಬೈಕುಗಳ ಮಾರಾಟವನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. ನಮ್ಮಲ್ಲಿಯೂ 2022ರಲ್ಲಿ ಹಲವು ಸ್ಕೂಟರುಗಳು ಉರಿದ ತರುವಾಯ, ಆ ವರ್ಷದ ಡಿಸೆಂಬರಿನಿಂದ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತೆಯ ಮಾನದಂಡವನ್ನು ಬಿಗಿಗೊಳಿಸಿದರು. ವಿಜ್ಞಾನಿಗಳು ಪ್ರಯೋಗಶಾಲೆಯಲ್ಲೇ ಕಂಡಿದ್ದುದನ್ನು ಕಾನೂನು ಕಾಣಬೇಕಾದರೆ ಮನೆಗಳೇ ಸುಡಬೇಕಾಯಿತೆಂಬುದು ವಿಷಾದದ ಸಂಗತಿ.

ಆ ಕಾನೂನಾದರೂ ತಯಾರಕನನ್ನೂ ಅಂಗಡಿಯನ್ನೂ ಮುಟ್ಟೀತು, ನಡುಮನೆಯ ಪ್ಲಗ್ಗಿನವರೆಗೆ ಬಾರದು. ಆದುದರಿಂದ ವಾಚಕರು ಉಬ್ಬಿದ ಅಥವಾ ಪೆಟ್ಟುತಿಂದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಬೇಕು. ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ಬ್ಯಾಟರಿಯನ್ನಿಡದೆ, ಮಲಗುವ ಮುನ್ನ ಪ್ಲಗ್ಗನ್ನು ಕಿತ್ತಿಡಬೇಕು.