ಮಗ್ಗಿ ಮತ್ತು ಗುಣಾಕಾರದ ನಿಯಮಗಳು

ಮಗ್ಗಿ ಎಂದರೆ ಒಂದು ಸಂಖ್ಯೆಯನ್ನು 1ರಿಂದ 10ರವರೆಗಿನ ಸಂಖ್ಯೆಗಳಿಂದ ಕ್ರಮವಾಗಿ ಗುಣಿಸಿದಾಗ ದೊರೆಯುವ ಗುಣಲಬ್ಧಗಳ ಪಟ್ಟಿ. ಕನ್ನಡ ಶಾಲೆಗಳಲ್ಲಿ ಇದನ್ನು "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು" ಎಂದು ರಾಗವಾಗಿ ಹೇಳಿಸಿ ಕಂಠಪಾಠ ಮಾಡಿಸುವ ರೂಢಿಯಿದೆ. ಮೊದಲ ಹತ್ತು ಮಗ್ಗಿಗಳಲ್ಲಿ ಒಟ್ಟು 100 ಗುಣಲಬ್ಧಗಳಿವೆ. ಗುಣಾಕಾರದ ನಿಯಮಗಳನ್ನು ಅರಿತ ವಿದ್ಯಾರ್ಥಿಯು ಇವುಗಳಲ್ಲಿ ಹತ್ತನ್ನು ಮಾತ್ರ ನೆನಪಿಟ್ಟುಕೊಂಡು ಉಳಿದವನ್ನು ತಾನೇ ಕಂಡುಕೊಳ್ಳಬಲ್ಲನು.

ಹಿಂದಿನ ಕಾಲದ ಮಠ ಮತ್ತು ಕೂಲಿಮಠಗಳಲ್ಲಿ ಪೂರ್ಣ ಸಂಖ್ಯೆಗಳ ಮಗ್ಗಿಯೊಂದಿಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಕಲಿಸಲಾಗುತ್ತಿತ್ತು. ರೂಪಾಯಿಗೆ 16 ಆಣೆಗಳಿದ್ದ ಕಾಲದಲ್ಲಿ ಅಂಗಡಿಯ ಲೆಕ್ಕಕ್ಕೆ ಇವು ಅಗತ್ಯವಾಗಿದ್ದವು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದ ನಂತರ ಅವುಗಳ ಬಳಕೆ ಕ್ರಮೇಣ ತಗ್ಗಿತು.

ಪರಿವರ್ತನೀಯ ನಿಯಮ

ಎರಡು ಸಂಖ್ಯೆಗಳ ಸ್ಥಾನವನ್ನು ಅದಲುಬದಲು ಮಾಡಿದರೂ ಗುಣಲಬ್ಧ ಬದಲಾಗುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದಲ್ಲಿ ಕಾಣುವ ನಿಂಬೆ ತೋಟವೊಂದನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಾಲಿಗೆ 8 ಗಿಡಗಳಂತೆ 6 ಸಾಲುಗಳಿದ್ದರೆ ಗಿಡಗಳು 48. ಅದೇ ತೋಟವನ್ನು ಪಕ್ಕದ ಬದುವಿನ ಮೇಲೆ ನಿಂತು ನೋಡಿದರೆ ಸಾಲಿಗೆ 6 ಗಿಡಗಳಂತೆ 8 ಸಾಲುಗಳು ಕಾಣುತ್ತವೆ. ಗಿಡಗಳ ಸಂಖ್ಯೆ ಮಾತ್ರ ಅಷ್ಟೇ. ಆದ್ದರಿಂದ 6 × 8 ಬಂದವರಿಗೆ 8 × 6 ಬೇರೆ ಪಾಠವಲ್ಲ. ಈ ಒಂದೇ ನಿಯಮದಿಂದ 100 ಗುಣಲಬ್ಧಗಳು 55ಕ್ಕೆ ಇಳಿಯುತ್ತವೆ.

1ರಿಂದ ಗುಣಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ; ಈ ಕಾರಣಕ್ಕೆ 1ನ್ನು ಗುಣಾಕಾರದ ಅನನ್ಯತಾಂಶ ಎನ್ನುತ್ತಾರೆ. 10ರಿಂದ ಗುಣಿಸಿದರೆ ಕೊನೆಗೆ ಸೊನ್ನೆ ಸೇರುತ್ತದೆ. ಈ ಎರಡು ಮಗ್ಗಿಗಳನ್ನು ಬಿಟ್ಟರೆ ಉಳಿಯುವವು 36. ಎರಡರ ಮಗ್ಗಿ ಇಮ್ಮಡಿಯಷ್ಟೇ, ಐದರ ಮಗ್ಗಿ ಹತ್ತರ ಮಗ್ಗಿಯ ಅರ್ಧ. ಅವನ್ನೂ ಕಳೆದರೆ 21.

ವಿಭಾಜಕ ಮತ್ತು ಸಹವರ್ತನೀಯ ನಿಯಮಗಳು

ಗುಣಕವನ್ನು ಎರಡು ಭಾಗ ಮಾಡಿ, ಪ್ರತಿ ಭಾಗದಿಂದಲೂ ಗುಣಿಸಿ ಕೂಡಿಸಿದರೆ ಉತ್ತರ ಒಂದೇ ಆಗಿರುತ್ತದೆ ಎಂಬುದು ವಿಭಾಜಕ ನಿಯಮ. ಮಗ್ಗಿಯನ್ನು ಕೇವಲ ಉರು ಹೊಡೆದ ಮಗು 7 × 8 ಮರೆತರೆ "ಏಳೊಂದ್ಲೆ ಏಳು" ಎಂದು ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತದೆ. ನಿಯಮ ತಿಳಿದ ಮಗು 8ನ್ನು 5 ಮತ್ತು 3 ಎಂದು ಒಡೆದು, 35 ಮತ್ತು 21ನ್ನು ಕೂಡಿಸಿ 56 ಎನ್ನುತ್ತದೆ.

ಮೂರು ಸಂಖ್ಯೆಗಳನ್ನು ಗುಣಿಸುವಾಗ ಯಾವ ಎರಡನ್ನು ಮೊದಲು ಜೊತೆಗೂಡಿಸಿದರೂ ಗುಣಲಬ್ಧ ಒಂದೇ. ಇದು ಸಹವರ್ತನೀಯ ನಿಯಮ. 4 ಎಂದರೆ 2 × 2 ಆದುದರಿಂದ ನಾಲ್ಕರ ಮಗ್ಗಿಯು ಇಮ್ಮಡಿಯ ಇಮ್ಮಡಿ: 7, 14, 28.

ಈ ನಿಯಮಗಳ ಬಳಕೆ ಹಳೆಯದು. ಭಾಸ್ಕರಾಚಾರ್ಯರು (ಜನನ 1114) 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯ ಭಾಗವಾದ 'ಲೀಲಾವತಿ'ಯಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕವಿದ್ದು, ಅದನ್ನು ಹಲವು ವಿಧಗಳಲ್ಲಿ ಬಿಡಿಸಲಾಗಿದೆ. 12ನ್ನು 8 ಮತ್ತು 4 ಎಂದು ಒಡೆದರೆ 1080 + 540. 4ರಿಂದ ಗುಣಿಸಿ ಬಂದ 540ನ್ನು ಮತ್ತೆ 3ರಿಂದ ಗುಣಿಸಬಹುದು. 20ರಿಂದ ಗುಣಿಸಿ 8ರಷ್ಟನ್ನು ಕಳೆದರೆ 2700 − 1080. ಎಲ್ಲದರ ಉತ್ತರವೂ 1620. ಭಾಸ್ಕರಾಚಾರ್ಯರು ತಮ್ಮ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಮಹಾರಾಷ್ಟ್ರದ ಊರೆಂಬ ವಾದವೂ ಇದೆ.

ಮಗ್ಗಿಗಳಲ್ಲಿನ ವಿನ್ಯಾಸಗಳು

ಒಂಬತ್ತರ ಮಗ್ಗಿಯಲ್ಲಿ (9, 18, 27, 36...) ಹತ್ತರ ಸ್ಥಾನದ ಅಂಕಿ ಒಂದೊಂದಾಗಿ ಏರುತ್ತದೆ, ಬಿಡಿಸ್ಥಾನದ್ದು ಒಂದೊಂದಾಗಿ ಇಳಿಯುತ್ತದೆ, ಎರಡರ ಮೊತ್ತ 9. ಇದು ಆಕಸ್ಮಿಕವಲ್ಲ. 9 ಎಂದರೆ 10 − 1 ಆದುದರಿಂದ 9 × 7 ಎಂದರೆ 70 − 7, ಅಂದರೆ 63. ಎರಡೂ ಕೈಗಳನ್ನು ಚಾಚಿ ಎಡದಿಂದ ಏಳನೆಯ ಬೆರಳನ್ನು ಮಡಚಿದರೆ ಅದರ ಎಡಕ್ಕೆ 6, ಬಲಕ್ಕೆ 3 ಬೆರಳುಗಳು ಉಳಿಯುವುದಕ್ಕೂ ಇದೇ ಕಾರಣ.

ಒಂಬತ್ತರ ಮತ್ತು ನಾಲ್ಕರ ಮಗ್ಗಿಗಳನ್ನೂ ಬಿಟ್ಟಾಗ ನೆನಪಿಡಬೇಕಾದವು ಹತ್ತೇ: 3 × 3, 3 × 6, 3 × 7, 3 × 8, 6 × 6, 6 × 7, 6 × 8, 7 × 7, 7 × 8 ಮತ್ತು 8 × 8.

ಮೂರರ ಮಗ್ಗಿಯ ಬಿಡಿಸ್ಥಾನದ ಅಂಕಿಗಳು 3, 6, 9, 2, 5, 8, 1, 4, 7, 0. ಏಳರ ಮಗ್ಗಿಯಲ್ಲಿ ಕೊನೆಯ ಸೊನ್ನೆಯನ್ನು ಬಿಟ್ಟು ಇವೇ ಅಂಕಿಗಳು ಹಿಮ್ಮುಖವಾಗಿ ಬರುತ್ತವೆ: 7, 4, 1, 8, 5, 2, 9, 6, 3, 0. ಮೂರು ಮತ್ತು ಏಳು ಕೂಡಿದರೆ ಹತ್ತಾಗುವುದೇ ಇದರ ಮೂಲ. 4 ಮತ್ತು 6ರ ಮಗ್ಗಿಗಳಲ್ಲೂ, 2 ಮತ್ತು 8ರ ಮಗ್ಗಿಗಳಲ್ಲೂ ಇಂಥದೇ ನಂಟಿದೆ.

ಗಣಿತಸಾರಸಂಗ್ರಹದ ಸಂಖ್ಯಾಹಾರಗಳು

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಕೃತಿಯ ಗುಣಾಕಾರದ ಭಾಗದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ ಗುಣಲಬ್ಧಗಳಿದ್ದು, ಅವನ್ನು ಕೊರಳಿನ ಹಾರಕ್ಕೆ ಹೋಲಿಸಲಾಗಿದೆ:

139 × 109 = 15151
152207 × 73 = 11111111
12345679 × 9 = 111111111
27994681 × 441 = 12345654321

ಮೂರನೆಯದರಲ್ಲಿ 8 ಇಲ್ಲದಿರುವುದನ್ನು ಗಮನಿಸಬೇಕು. ಅದೇ ಸಂಖ್ಯೆಯನ್ನು 18ರಿಂದ ಗುಣಿಸಿದರೆ 222222222 ಬರುತ್ತದೆ. ಏಕೆಂದರೆ 18 ಎಂದರೆ 9 × 2. ನಾಲ್ಕನೆಯದು ಹೆಚ್ಚು ಗಹನವಾಗಿ ಕಂಡರೂ ಅದರ ಗುಟ್ಟು ಸಹವರ್ತನೀಯ ನಿಯಮದಲ್ಲಿಯೇ ಇದೆ. 5291 × 21 = 111111. 27994681 ಎಂಬುದು 5291ರ ವರ್ಗ, 441 ಎಂಬುದು 21ರ ವರ್ಗ. ಹೀಗಾಗಿ ಗುಣಲಬ್ಧವು 111111ರ ವರ್ಗ.

ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಮಹಾವೀರಾಚಾರ್ಯರು ಸರಿಯಾಗಿಯೇ ಹೇಳಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂಬ ಅವರ ಇನ್ನೊಂದು ಮಾತನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಈ ಕೃತಿಯನ್ನು ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಕನ್ನಡದಲ್ಲಿ ದೊರೆತಿರುವ ಆರಂಭಿಕ ಗಣಿತ ಕೃತಿ 12ನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ'.