ಕಪ್ಪೆ ಮೊಟ್ಟೆ, ಬಿಸಿಲು ಮತ್ತು ಒಂದು ಉದ್ದದ ತನಿಖೆ

ಭಾಗ 1/7 🐸
1987. ಕೋಸ್ಟರಿಕಾದ ಮಾಂಟೆವರ್ಡೆ ಕಾಡು. ಚಿನ್ನದ ಬಣ್ಣದ ನೆಲಗಪ್ಪೆಗಳು ಮೊಟ್ಟೆ ಇಡೋಕೆ ಗುಂಪು ಸೇರಿದ್ದವು. ಮಾರ್ಥಾ ಕ್ರಂಪ್ ಅನ್ನೋ ವಿಜ್ಞಾನಿ ನೋಡಿದ್ದು 1500ಕ್ಕೂ ಹೆಚ್ಚು. ಎರಡೇ ವರ್ಷ ಕಳೆದು, 1989ರಲ್ಲಿ ಕಂಡಿದ್ದು ಒಂದೇ ಒಂದು ಗಂಡು. ಆಮೇಲೆ ಆ ಜಾತಿ ಮತ್ತೆ ಸಿಗಲೇ ಇಲ್ಲ.

ಅದು ಸಂರಕ್ಷಿತ ಕಾಡು. ಅಲ್ಲಿ ಯಾರೂ ಮರ ಕಡಿದಿರಲಿಲ್ಲ. ಅದೇ 1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಉಭಯವಾಸಿ ಮತ್ತು ಸರೀಸೃಪ ತಜ್ಞರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಬೇರೆ ಬೇರೆ ದೇಶದವರು ಹೇಳಿದ್ದು ಒಂದೇ ಮಾತು: ನಮ್ಮಲ್ಲೂ ಕಪ್ಪೆಗಳು ಕಾಣ್ತಿಲ್ಲ. ಹಾಗಾದ್ರೆ ಕಾರಣ ಏನು?

ಭಾಗ 2/7 ☀️
ಅನುಮಾನ ಆಕಾಶದ ಕಡೆ ತಿರುಗಿತು. ಯಾಕೆ ಅಂದ್ರೆ ಆ ಕಾಲದ ದೊಡ್ಡ ಸುದ್ದಿಯೇ ಓಝೋನ್. ಆಗ ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ತಿಂದು ಹಾಕ್ತವೆ ಅಂತ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾ ಮೇಲಿನ ಓಝೋನ್ ರಂಧ್ರದ ವರದಿ ಬಂತು. ಈ ಪದರ ತೆಳುವಾದರೆ ಯುವಿ-ಬಿ ಅನ್ನೋ ನೇರಳಾತೀತ ಕಿರಣ ನೆಲಕ್ಕೆ ಹೆಚ್ಚು ಇಳಿಯುತ್ತದೆ. ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ಇನ್ನೂ ಜಾಸ್ತಿ. ಕಪ್ಪೆಗಳು ಮಾಯವಾಗ್ತಿದ್ದ ಎಷ್ಟೋ ಜಾಗಗಳೂ ಬೆಟ್ಟದವೇ.

ಭಾಗ 3/7 🥚
ಕಪ್ಪೆಗೇ ಯಾಕೆ ಇಷ್ಟು ಅಪಾಯ? ಕೋಳಿ ಮೊಟ್ಟೆ ನೆನಪಿಸಿಕೊಳ್ಳಿ, ಗಟ್ಟಿ ಚಿಪ್ಪಿದೆ. ಕಪ್ಪೆ ಮೊಟ್ಟೆಗೆ ಚಿಪ್ಪಿಲ್ಲ, ಸುತ್ತ ಬರೀ ಲೋಳೆ. ಎಷ್ಟೋ ಜಾತಿಗಳು ಅದನ್ನು ಬಿಸಿಲು ಬೀಳೋ ತೆಳು ನೀರಲ್ಲೇ ಇಡ್ತವೆ. ಯುವಿ-ಬಿ ಒಳಗೆ ಹೋಗಿ ಡಿಎನ್ಎ ಎಳೆಯಲ್ಲಿ ಅಕ್ಕಪಕ್ಕ ಇರೋ ಎರಡು ಥೈಮಿನ್‌ಗಳನ್ನು ಅಂಟಿಸಿಬಿಡುತ್ತದೆ. ಗಂಟು ಬಿದ್ದ ದಾರದಲ್ಲಿ ಹೊಲಿಗೆ ಮುಂದಕ್ಕೆ ಹೋಗುತ್ತಾ? ಹಾಗೇ ಜೀವಕೋಶದ ಕೆಲಸವೂ ಅಲ್ಲೇ ತಡೆಯುತ್ತದೆ. ಭ್ರೂಣ ಸಾಯಬಹುದು. ಉಳಿದರೂ ಗೊದಮೊಟ್ಟೆ ಸೊಟ್ಟಗಾಗಬಹುದು, ನಿಧಾನವಾಗಿ ಬೆಳೀಬಹುದು.

ಭಾಗ 4/7 🔬
ಅಮೆರಿಕದ ಒರೆಗಾನ್‌ನಲ್ಲಿ ಆಂಡ್ರ್ಯೂ ಬ್ಲಾಸ್ಟೀನ್ ತಂಡ ಇದನ್ನು ಲ್ಯಾಬಿನಲ್ಲಿ ಮಾತ್ರ ನೋಡಿ ಬಿಡಲಿಲ್ಲ. ಕ್ಯಾಸ್ಕೇಡ್ ಬೆಟ್ಟಗಳಲ್ಲಿ, ಕಪ್ಪೆಗಳು ನಿಜವಾಗಿ ಮೊಟ್ಟೆ ಇಡೋ ನೀರಲ್ಲೇ ಪ್ರಯೋಗ ಮಾಡಿದರು. ಕೆಲವು ಮೊಟ್ಟೆಗಳಿಗೆ ಮುಚ್ಚಳವೇ ಇಲ್ಲ. ಕೆಲವಕ್ಕೆ ಯುವಿ-ಬಿ ತಡೆಯೋ ಹಾಳೆ. ಇನ್ನು ಕೆಲವಕ್ಕೆ ಯುವಿ-ಬಿ ಬಿಡೋ ಹಾಳೆ. ಈ ಮೂರನೆಯದು ಯಾಕೆ ಬೇಕು? ಮೊಟ್ಟೆ ಉಳಿದಿದ್ದು ಕಿರಣ ತಡೆದಿದ್ದಕ್ಕಾ, ಅಥವಾ ಮೇಲೆ ಏನೋ ಒಂದು ಮುಚ್ಚಿದ್ದಕ್ಕಾ ಅಂತ ಗೊತ್ತಾಗಬೇಕಲ್ವಾ!

1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಂಖ್ಯೆ ಕುಸಿದಿದ್ದ ಪಶ್ಚಿಮದ ನೆಲಗಪ್ಪೆ ಮತ್ತು ಕ್ಯಾಸ್ಕೇಡ್ಸ್ ಕಪ್ಪೆ, ಎರಡರಲ್ಲೂ ಕಿರಣ ತಡೆದ ಕಡೆ ಹೆಚ್ಚು ಮರಿ ಹೊರಬಂದವು. ಪೆಸಿಫಿಕ್ ಮರಗಪ್ಪೆಯ ಮೊಟ್ಟೆಗಳು ಬಿಸಿಲಲ್ಲೂ ಆರಾಮಾಗಿ ಒಡೆದವು.

ಭಾಗ 5/7 🧬
ಗುಟ್ಟು ಫೋಟೋಲಯೇಸ್ ಅನ್ನೋ ಕಿಣ್ವದಲ್ಲಿತ್ತು. ಬೆಳಕಿನ ಶಕ್ತಿಯನ್ನೇ ಬಳಸಿ ಡಿಎನ್ಎಯ ಆ ಗಂಟು ಬಿಚ್ಚೋದು ಇದರ ಕೆಲಸ. ಅಂದ್ರೆ ಗಾಯ ಮಾಡೋದೂ ಬಿಸಿಲು, ಮದ್ದಿಗೆ ಶಕ್ತಿ ಕೊಡೋದೂ ಬಿಸಿಲೇ. (ನಮ್ಮ ಮೈಯಲ್ಲಿ ಈ ಕಿಣ್ವ ಇಲ್ಲ, ನಮ್ಮ ರಿಪೇರಿ ದಾರಿಯೇ ಬೇರೆ.) ತಂಡ ನೋಡಿದ 10 ಉಭಯವಾಸಿ ಜಾತಿಗಳ ನಡುವೆ ಈ ಕಿಣ್ವದ ಚಟುವಟಿಕೆಯಲ್ಲಿ 80 ಪಟ್ಟಿಗೂ ಹೆಚ್ಚು ವ್ಯತ್ಯಾಸ! ಕಪ್ಪೆಗಳಲ್ಲಿ ಮರಗಪ್ಪೆಗೇ ಅತಿ ಹೆಚ್ಚು, ಕುಸಿದ ಎರಡಕ್ಕೂ ಕಡಿಮೆ.

ಕೇಸ್ ಮುಗೀತು ಅಂತ ಅನ್ನಿಸುತ್ತೆ. ಮುಗೀಲಿಲ್ಲ.

ಭಾಗ 6/7 🍂
ಬೇರೆ ಕಡೆ, ಬೇರೆ ಜಾತಿಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ ಕೆಲವಕ್ಕೆ ಏನೂ ಆಗಲಿಲ್ಲ. 2002ರಲ್ಲಿ ಇನ್ನೊಂದು ತಂಡ ಅದೇ ವಾಯವ್ಯ ಅಮೆರಿಕದ ನೀರನ್ನೇ ಅಳೆದು ನೋಡಿತು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರು ತಾನೇ ಯುವಿ-ಬಿ ಹೀರಿಕೊಳ್ಳುತ್ತದೆ. ಹೆಚ್ಚಿನ ಜಾಗಗಳಲ್ಲಿ ಮೊಟ್ಟೆಗಳಿಗೆ ಹೀಗೆ ರಕ್ಷಣೆ ಇತ್ತು.

ಅಷ್ಟರಲ್ಲಿ ಇನ್ನೊಬ್ಬ ಆರೋಪಿಯೂ ಸಿಕ್ಕಿದ್ದ. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಸತ್ತ ಕಪ್ಪೆಗಳ ಚರ್ಮದಲ್ಲಿ ಕೈಟ್ರಿಡ್ ಶಿಲೀಂಧ್ರ ಇರೋದು 1998ರಲ್ಲಿ ವರದಿಯಾಯಿತು. 2019ರ ಒಂದು ಅಂದಾಜಿನ ಪ್ರಕಾರ ಈ ರೋಗದಿಂದ 501 ಜಾತಿಗಳು ಕುಸಿದಿವೆ, ಅದರಲ್ಲಿ 90 ಪೂರ್ತಿ ಅಳಿದಿರಬಹುದು.

ಹಾಗಾದ್ರೆ ಬಿಸಿಲು ನಿರಪರಾಧಿಯಾ? ಹಾಗೂ ಅಲ್ಲ. 2001ರಲ್ಲಿ ಬ್ಲಾಸ್ಟೀನ್ ಮತ್ತು ಸಂಗಡಿಗರು ಒಂದು ಸರಪಳಿ ತೋರಿಸಿದರು. ಹವಾಮಾನ ಬದಲಾಗಿ ಮಳೆ, ಹಿಮ ಕಡಿಮೆ. ಅದರಿಂದ ಮೊಟ್ಟೆ ಮೇಲಿನ ನೀರು ತೆಳು. ತೆಳು ನೀರಲ್ಲಿ ಯುವಿ-ಬಿ ಜಾಸ್ತಿ. ಸೊರಗಿದ ಮೊಟ್ಟೆಗೆ ಸ್ಯಾಪ್ರೊಲೆಗ್ನಿಯಾ ಅನ್ನೋ ನೀರಿನ ಬೂಷ್ಟು ಮುತ್ತುತ್ತದೆ. ಕಣ್ಣಿಗೆ ಕಾಣೋದು ಬೂಷ್ಟು, ಕಥೆ ಶುರುವಾಗಿದ್ದು ಮಳೆಯಿಂದ.

ಭಾಗ 7/7 🌧️
ಈ ಇತಿಹಾಸದಲ್ಲಿ ಒಂದು ಗೆಲುವಿದೆ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಆಮೇಲೆ ಜಗತ್ತಿನ ಎಲ್ಲ ದೇಶಗಳೂ ಸೇರಿಕೊಂಡವು, ಭಾರತ ಸೇರಿದ್ದು 1992ರಲ್ಲಿ. ಓಝೋನ್ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಕಪ್ಪೆಗಳು? 2023ರ ಜಾಗತಿಕ ಸಮೀಕ್ಷೆ ಪ್ರಕಾರ ನೂರರಲ್ಲಿ ಸುಮಾರು 41 ಉಭಯವಾಸಿ ಜಾತಿಗಳು ಅಳಿವಿನ ಅಪಾಯದಲ್ಲಿವೆ. ಆಕಾಶದ ತೂತು ಮುಚ್ಚಿದರೆ ಸಾಲದು. ಮಳೆ, ನೆರಳು, ತರಗೆಲೆ, ನೀರಿನ ಆಳ ಎಲ್ಲವೂ ಆ ಮೊಟ್ಟೆಯ ಲೆಕ್ಕಕ್ಕೆ ಬರುತ್ತವೆ. ಒಬ್ಬನೇ ವಿಲನ್ ಇದ್ದಿದ್ದರೆ ಕೆಲಸ ಸುಲಭ ಇತ್ತು.

ಈ ಮಳೆಗಾಲದಲ್ಲಿ ಒಂದು ಸಣ್ಣ ಕೆಲಸ ಮಾಡಿ. ನಿಮ್ಮೂರಲ್ಲಿ ಕಪ್ಪೆ ಎಲ್ಲಿ ಮೊಟ್ಟೆ ಇಟ್ಟಿದೆ ನೋಡಿ: ಬಿಸಿಲಲ್ಲಾ, ನೆರಳಲ್ಲಾ? ನೀರು ತಿಳಿಯಾಗಿದೆಯಾ, ಚಹಾ ಬಣ್ಣವಾ? ಮುಟ್ಟಬೇಡಿ, ನೋಡಿ ಸಾಕು. ಕಾಮೆಂಟಲ್ಲಿ ಬರೀರಿ, ಎಲ್ಲರೂ ಓದೋಣ. 💚

#ಕಪ್ಪೆಕಥೆ #ವಿಜ್ಞಾನದಇತಿಹಾಸ #ಓಝೋನ್ #ಕನ್ನಡದಲ್ಲಿವಿಜ್ಞಾನ